ಬೆಂಗಳೂರಿನಿಂದ ಬಜ್ಪೆಗೆ: ಹಾರುವುದು ಮುಕ್ಕಾಲು ಗಂಟೆ

ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರಿನ ನಿಲ್ದಾಣವಿರುವ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 306 ಕಿ.ಮೀ. ಶಿರಾಡಿ ಘಾಟಿಯ ರಸ್ತೆಯಾದರೆ 350ರ ಆಸುಪಾಸು, ಬಸ್ಸಿಗೆ ಏಳೆಂಟು ಗಂಟೆ. ವಿಮಾನದ ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ. ಅದು ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಮಂಗಳೂರಿನಲ್ಲಿ ಮತ್ತೆ ನಿಲ್ಲುವವರೆಗಿನ ಲೆಕ್ಕ. ಜೆಟ್ ಆದರೆ ಗಾಳಿಯಲ್ಲಿರುವುದು 40–45 ನಿಮಿಷ. ರೆಕ್ಕೆಯಲ್ಲಿ ಫ್ಯಾನಿರುವ ಎಟಿಆರ್ ಎಂಬ ಚಿಕ್ಕ ವಿಮಾನ ಹತ್ತು–ಹದಿನೈದು ನಿಮಿಷ ಹೆಚ್ಚು ತೆಗೆದುಕೊಳ್ಳುತ್ತದೆ, ಅಷ್ಟೇ. ಇಷ್ಟು ಹತ್ತಿರದ ದಾರಿಯಲ್ಲಿ ಏರುವುದು, ಇಳಿಯುವುದೇ ಆಗುವುದರಿಂದ ಜೆಟ್‌ಗೂ ಪೂರ್ತಿ ವೇಗದಲ್ಲಿ ಓಡಲು ಪುರುಸೊತ್ತಿಲ್ಲ. ಉಳಿದ ಹೊತ್ತು ಬೆಂಗಳೂರಿನ ನೆಲದ ಮೇಲೆಯೇ ಕಳೆಯುತ್ತದೆ: ಸರದಿಯಲ್ಲಿ ನಿಂತು, ರನ್‌ವೇ ತುದಿ ಮುಟ್ಟಲು 10–20 ನಿಮಿಷ.

ಮಧ್ಯಾಹ್ನ 12ರ ವಿಮಾನಕ್ಕೆ ಮೆಜೆಸ್ಟಿಕ್‌ನಲ್ಲಿ 8.30ಕ್ಕೆಲ್ಲ ವಿಮಾನ ನಿಲ್ದಾಣದ ಬಸ್ಸು ವಾಯು ವಜ್ರವನ್ನು ಹತ್ತಿರಬೇಕು. ದಾರಿಯಲ್ಲಿ ಹೆಬ್ಬಾಳದ ಟ್ರಾಫಿಕ್ ಕೈಕೊಟ್ಟರೂ 10.15ಕ್ಕೆ ತಲುಪಬಹುದು. ಎರಡು ಟರ್ಮಿನಲ್‌ಗಳಲ್ಲಿ ಯಾವುದೆಂದು ಟಿಕೆಟ್ಟಿನಲ್ಲೇ ನೋಡಿಕೊಳ್ಳಿ. ಬ್ಯಾಗು ಹಾಕುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ, ಗೇಟು 25 ನಿಮಿಷ ಮುಂಚೆ. ಬ್ಯಾಗಿನಲ್ಲಿ ಒಣ ಕೊಬ್ಬರಿ ಇಡಬೇಡಿ: ಅದರ ಎಣ್ಣೆಯಂಶದಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು ಎಂದು ತೆಗೆಸುತ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.

ಘಟ್ಟ ದಾಟುತ್ತಿದ್ದಂತೆ ಇಳಿಯುವ ತಯಾರಿ. ಬಜ್ಪೆಯ ರನ್‌ವೇ ಗುಡ್ಡದ ತಲೆ ಸಮತಟ್ಟು ಮಾಡಿ ಕಟ್ಟಿದ್ದು, 2,450 ಮೀಟರ್ ಉದ್ದ, ಬೆಂಗಳೂರಿನದು 4,000. ಅಂಚಿನ ಆಚೆ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಬಿದ್ದು 158 ಮಂದಿ ತೀರಿಕೊಂಡದ್ದು ಇಲ್ಲೇ. ಇಲ್ಲಿ ಚಕ್ರ ಧಪ್ಪೆಂದು ನೆಲಕ್ಕೆ ತಾಗಿ, ಬ್ರೇಕಿಗೆ ಮೈ ಮುಂದಕ್ಕೆ ವಾಲಿದರೆ ಪೈಲಟ್ಟನ್ನು ಬೈಯಬೇಡಿ. ನಯವಾಗಿ ಇಳಿಸಲು ಹೋಗಿ ವಿಮಾನ ತೇಲುತ್ತಾ ಮುಂದೆ ಸಾಗಿದರೆ, ನಿಲ್ಲಿಸಲು ಬೇಕಾದ ರನ್‌ವೇ ಅಷ್ಟೂ ಹಿಂದೆ ಉಳಿದುಬಿಡುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಲೆಕ್ಕವೇ ಬೇರೆ. ಮೋಡ ಗುಡ್ಡಕ್ಕೆ ತಾಗಿ ಕೂರುತ್ತದೆ, ಮಳೆಗೆ ರನ್‌ವೇ ಕಾಣುವುದಿಲ್ಲ. ನಿಗದಿತ ಎತ್ತರಕ್ಕೆ ಇಳಿದರೂ ದೀಪ ಕಾಣದಿದ್ದರೆ ಮತ್ತೆ ಮೇಲೇರಬೇಕು. ಒಂದಷ್ಟು ಸುತ್ತು ಹೊಡೆದು ನೋಡುತ್ತಾರೆ. ಆಗದಿದ್ದರೆ ಕಣ್ಣೂರು, ಕೊಚ್ಚಿ ಅಥವಾ ಹೊರಟ ಬೆಂಗಳೂರಿಗೇ ವಾಪಸ್. ಮರುದಿನ ಬೆಳಿಗ್ಗೆ ಮುಹೂರ್ತವಿದ್ದರೆ ಹಿಂದಿನ ದಿನದ ಕೊನೆಯ ವಿಮಾನ ಬೇಡವೇ ಬೇಡ. ಅದು ತಿರುಗಿ ಬಂದರೆ ರಾತ್ರಿ ಬಸ್ಸುಗಳೂ ಹೊರಟಿರುತ್ತವೆ. ಮಧ್ಯಾಹ್ನದ್ದಾದರೆ ಬಸ್ಸಿಗಾದರೂ ಹೊತ್ತಿರುತ್ತದೆ. ಡಿಸೆಂಬರ್–ಜನವರಿಯಲ್ಲಿ ಕಾಟ ಬೆಂಗಳೂರಿನ ಕಡೆ: ದೇವನಹಳ್ಳಿಯ ಮುಂಜಾನೆ ಮಂಜು.

ಬಜ್ಪೆಯಲ್ಲಿ ಬ್ಯಾಗು ಬೇಗ ಬರುತ್ತದೆ, ನಿಲ್ದಾಣ ಚಿಕ್ಕದು. ಮಂಗಳೂರು ಪೇಟೆಯ ನಡುವಿನ ಹಂಪನಕಟ್ಟೆಗೆ ಟ್ಯಾಕ್ಸಿಯಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ. 8.30ಕ್ಕೆ ಮೆಜೆಸ್ಟಿಕ್ ಬಿಟ್ಟವರು ಅಲ್ಲಿ ಊಟಕ್ಕೆ ಕೂರುವಾಗ ಗಂಟೆ ಎರಡು.