ಜೇಬಿನಲ್ಲಿದ್ದ ದುಡ್ಡು ನನ್ನದಾಗಿರಲಿಲ್ಲ: ಲಾರಿ ಡ್ರೈವರ್ ಆಗಿ ಮೊದಲ ವರ್ಷ

ಲಾರಿ ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳು ನನ್ನ ಜೇಬು ಒಂದು ದಿನವೂ ಖಾಲಿ ಇರಲಿಲ್ಲ. ಪ್ರತಿ ಟ್ರಿಪ್ಪಿಗೆ ಹೊರಡುವ ಮುಂಚೆ ಅಡ್ವಾನ್ಸ್ ಕೈಗೆ ಬರುತ್ತಿತ್ತು. ಡೀಸೆಲ್, ಟೋಲ್, ಪಂಚರ್, ಲೋಡಿಂಗ್ ಕೂಲಿ, ದಾರಿ ಖರ್ಚು ಎಲ್ಲಾ ಅದರಲ್ಲೇ ಆಗಬೇಕು. ಜೇಬು ತುಂಬಿದ್ದರೆ ಮನಸ್ಸಿಗೂ ಧೈರ್ಯ ಅಲ್ವಾ? ಮನೆಗೆ ಸ್ವಲ್ಪ ಕಳಿಸಿದೆ, ಹೊಸ ಫೋನ್ ತಗೊಂಡೆ, ಗೆಳೆಯನಿಗೆ ಕೈಸಾಲ ಕೊಟ್ಟೆ.

ಮೂರನೇ ತಿಂಗಳ ಕೊನೆಗೆ ಮಾಲೀಕರ ಜೊತೆ ಲೆಕ್ಕಕ್ಕೆ ಕೂತೆ. ಅವರು ಒಂದೊಂದೇ ಟ್ರಿಪ್ ಓದುತ್ತಾ ಹೋದರು. ಕೊಟ್ಟ ಅಡ್ವಾನ್ಸ್ ಇಷ್ಟು, ನಾನು ತಂದುಕೊಟ್ಟ ರಸೀದಿ ಇಷ್ಟು. ಕೊನೆಗೆ ನೋಡಿದರೆ ನನಗೆ ಬರಬೇಕಾದ ಸಂಬಳ ಪೂರ್ತಿ ಕಳೆದುಹೋಗಿ, ನಾನೇ ಅವರಿಗೆ ಸ್ವಲ್ಪ ಕೊಡಬೇಕಿತ್ತು. ಮಾಲೀಕರು ಮೋಸ ಮಾಡಿರಲಿಲ್ಲ. ಗಾಡಿಯ ದುಡ್ಡನ್ನು ನನ್ನ ದುಡ್ಡು ಅಂದುಕೊಂಡು ನಾನೇ ಖರ್ಚು ಮಾಡಿದ್ದೆ. ಅರ್ಧದಷ್ಟು ಖರ್ಚಿಗೆ ರಸೀದಿಯನ್ನೂ ಇಟ್ಟಿರಲಿಲ್ಲ.

ಹೊಸದಾಗಿ ಸ್ಟೇರಿಂಗ್ ಹಿಡಿದಿರುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ಗಾಡಿಯ ದುಡ್ಡು ಬೇರೆ, ನಿಮ್ಮ ದುಡ್ಡು ಬೇರೆ. ಮನಸ್ಸಿನಲ್ಲಿ ಬೇರೆ ಮಾಡಿದರೆ ಸಾಲದು, ಜೇಬಿನಲ್ಲೇ ಬೇರೆ ಇರಬೇಕು. ನಾನು ಅಡ್ವಾನ್ಸನ್ನು ಒಂದು ಜಿಪ್ ಪೌಚಿನಲ್ಲಿ ಹಾಕಿ ಕ್ಯಾಬಿನ್ನಿನಲ್ಲಿ ಬೀಗ ಹಾಕಿ ಇಡುತ್ತೇನೆ. ರಸೀದಿಗಳೂ ಅದೇ ಪೌಚಿಗೆ. ರಸೀದಿ ಸಿಗದ ಖರ್ಚನ್ನು ಅಲ್ಲೇ ನಿಂತು ಪುಸ್ತಕದಲ್ಲಿ ಬರೆಯುತ್ತೇನೆ, ಜೊತೆಗೆ ಗಾಡಿಯ ಕಿಲೋಮೀಟರ್ ಕೂಡ. ಸಂಜೆ ಬರೆಯೋಣ ಅಂದುಕೊಂಡರೆ ಸಂಜೆಗೆ ಮರೆತಿರುತ್ತದೆ. ನನ್ನ ಸಂಬಳ ಬ್ಯಾಂಕಿಗೇ ಹಾಕಿ ಅಂತ ಮಾಲೀಕರನ್ನು ಕೇಳಿಕೊಂಡೆ. ಖಾತೆಗೆ ಬಂದ ದಿನವೇ ಐದರಲ್ಲಿ ಒಂದು ಭಾಗ ಇನ್ನೊಂದು ಖಾತೆಗೆ ತಾನಾಗಿ ಹೋಗುವ ಹಾಗೆ ಮಾಡಿಸಿದೆ. ಆ ಖಾತೆಯ ಕಾರ್ಡ್ ನಾನು ರೋಡಿಗೆ ಒಯ್ಯುವುದಿಲ್ಲ.

ಇನ್ನು ಸಂಪಾದನೆಯ ವಿಷಯ. ಹೊಸಬರೆಲ್ಲಾ ಕೇಳುವುದು ಒಂದೇ ಪ್ರಶ್ನೆ: ಟ್ರಿಪ್ಪಿಗೆ ಎಷ್ಟು ಸಿಗುತ್ತದೆ? ನಾನೂ ಅದನ್ನೇ ಕೇಳುತ್ತಿದ್ದೆ. ದೂರದ ಟ್ರಿಪ್ ಅಂದರೆ ದೊಡ್ಡ ಮೊತ್ತ, ಹಾಗಾಗಿ ದೂರದ್ದೇ ಬೇಕು ಅಂತ ಹಟ. ಆಮೇಲೆ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಒಂದು ದೂರದ ಟ್ರಿಪ್ಪಿಗೆ ಹತ್ತಿರದ್ದಕ್ಕಿಂತ ಎರಡು ಪಟ್ಟು ಸಿಕ್ಕಿತ್ತು. ಆದರೆ ಹತ್ತಿರದ್ದು ಒಂದೂವರೆ ದಿನದಲ್ಲಿ ಮುಗಿದರೆ ದೂರದ್ದಕ್ಕೆ ನಾಲ್ಕು ದಿನ ಹಿಡಿದಿತ್ತು. ಅದರಲ್ಲಿ ಒಂದು ದಿನ ಪೂರ್ತಿ ಅನ್‌ಲೋಡ್ ಆಗಲಿ ಅಂತ ಕಾದಿದ್ದು. ದಿನಕ್ಕೆ ಎಷ್ಟು ಬಿತ್ತು ಅಂತ ಭಾಗಿಸಿದರೆ ಸಣ್ಣ ಟ್ರಿಪ್ಪೇ ಲಾಭ. ಕಿಲೋಮೀಟರ್ ಲೆಕ್ಕದಲ್ಲಿ ಸಂಬಳ ಇರುವವರು ಇನ್ನೊಂದು ಮಾತು ಕೇಳಲೇಬೇಕು: ಖಾಲಿ ಗಾಡಿ ಓಡಿಸಿದ್ದಕ್ಕೂ ಲೆಕ್ಕ ಇದೆಯಾ? 400 ಕಿಲೋಮೀಟರ್ ಲೋಡ್ ಒಯ್ದು, ರಿಟರ್ನ್ ಲೋಡ್ ಸಿಗದೆ 400 ಕಿಲೋಮೀಟರ್ ಖಾಲಿ ಬಂದರೆ, ಓಡಿದ್ದು 800, ದುಡ್ಡು 400ಕ್ಕೆ. ಅಂದರೆ ನಿಮಗೆ ಹೇಳಿದ ದರ ಅಲ್ಲಿಗೇ ಅರ್ಧ ಆಯಿತು.

ಕಾಯುವುದು ಈ ಕೆಲಸದಲ್ಲಿ ತಪ್ಪುವುದಿಲ್ಲ. ಆದರೆ ಕಾದಿದ್ದಕ್ಕೆ ದಾಖಲೆ ಇರಬೇಕು. ಒಂದು ಸಲ ಒಂದು ಗೋಡೌನಿನ ಗೇಟಿನಲ್ಲಿ 19 ಗಂಟೆ ನಿಂತಿದ್ದೆ. ಹಾಲ್ಟಿಂಗ್, ಅಂದರೆ ಕಾದಿದ್ದಕ್ಕೆ ಕೊಡುವ ದುಡ್ಡು, ಕೇಳಿದಾಗ ಅಲ್ಲಿಯವರು, "ಗಾಡಿ ಬಂದಿದ್ದೇ ಬೆಳಿಗ್ಗೆ" ಅಂದುಬಿಟ್ಟರು. ಹಿಂದಿನ ಮಧ್ಯಾಹ್ನವೇ ಬಂದಿದ್ದೆ ಅನ್ನಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಅವತ್ತಿನಿಂದ ಗೇಟಿಗೆ ಹೋದ ತಕ್ಷಣ ಮೊದಲ ಕೆಲಸ ಕಾಗದದ ಮೇಲೆ ಬಂದ ಸಮಯ ಬರೆಸಿ ಸಹಿ ಹಾಕಿಸಿಕೊಳ್ಳುವುದು. ಸಹಿ ಹಾಕಲ್ಲ ಅಂದರೆ ಗೇಟ್ ಕಾಣುವ ಹಾಗೆ ಗಾಡಿಯ ಫೋಟೋ ತೆಗೆದು ಆಗಲೇ ಆಫೀಸಿಗೆ ಕಳಿಸುತ್ತೇನೆ. ಕಳಿಸಿದ ಸಮಯ ಫೋನಿನಲ್ಲಿ ತಾನಾಗಿ ಉಳಿಯುತ್ತದೆ. ಜಗಳ ಆಡದೆ ಹಾಲ್ಟಿಂಗ್ ಸಿಗಲು ಶುರುವಾಗಿದ್ದು ಆಮೇಲೆ.

ಲೋಡ್ ಆಗುವಾಗ ಮಲಗಬೇಡಿ. ನನಗೆ ಗೊತ್ತು, ರಾತ್ರಿಯೆಲ್ಲಾ ಓಡಿಸಿ ಬಂದವನಿಗೆ ಅದೊಂದೇ ಬಿಡುವು. ನಾನೂ ಹಾಗೇ ಮಲಗಿದ್ದೆ. ಇಳಿಸುವ ಜಾಗದಲ್ಲಿ ಎರಡು ಪೆಟ್ಟಿಗೆ ಕಡಿಮೆ ಬಂತು. ಎಣಿಸಿ ತಗೊಂಡಿದ್ದೇನೆ ಅಂತ ಸಹಿ ಹಾಕಿದ್ದು ನಾನು, ಸಂಬಳದಲ್ಲಿ ಹಿಡಿದಿದ್ದೂ ನನಗೇ. ಈಗ ಎದುರಿಗೆ ನಿಂತು ಎಣಿಸುತ್ತೇನೆ. ಎಣಿಸಲು ಬಿಡದೆ ಸೀಲ್ ಹಾಕಿಕೊಟ್ಟರೆ, 'ಎಣಿಕೆ ಲೋಡ್ ಮಾಡಿಸಿದವರದು' ಅಂತ ಕಾಗದದ ಮೇಲೆ ಬರೆದು, ಸೀಲ್ ನಂಬರನ್ನೂ ಬರೆದು ಆಮೇಲೆ ಸಹಿ ಹಾಕುತ್ತೇನೆ. ಇಳಿಸುವ ಜಾಗದಲ್ಲಿ ಸೀಲನ್ನು ನಾನು ಮುಟ್ಟುವುದಿಲ್ಲ. ಅವರೇ ನಂಬರ್ ನೋಡಿ ಒಡೆಯಲಿ.

ಡೀಸೆಲ್ ಉಳಿಸಿದರೆ ಮಾಲೀಕರಿಗೆ ತಾನೇ ಲಾಭ, ನನಗೇನು ಅಂತ ಕೆಲವರು ಕೇಳುತ್ತಾರೆ. ನಮ್ಮಲ್ಲಿ ಮೈಲೇಜ್ ಚೆನ್ನಾಗಿ ಬಂದವರಿಗೆ ತಿಂಗಳ ಕೊನೆಗೆ ಮೇಲೊಂದಿಷ್ಟು ಸಿಗುತ್ತಿತ್ತು. ಅದು ಇಲ್ಲದ ಕಡೆಯೂ, ಒಳ್ಳೆಯ ಗಾಡಿ ಬಂದಾಗ, ಒಳ್ಳೆಯ ಬಾಡಿಗೆ ಸಿಕ್ಕಾಗ ಯಾರ ಕೈಗೆ ಕೊಡಬೇಕು ಅಂತ ಮಾಲೀಕರು ಯೋಚಿಸುವುದು ಈ ಅಂಕಿ ನೋಡಿಯೇ. ಅದಕ್ಕೇ ಹೇಳುತ್ತೇನೆ, ಮೈಲೇಜ್ ನಿಮ್ಮ ಸಂಪಾದನೆಯ ಭಾಗ.

ದೊಡ್ಡ ಗಾಡಿಯ ಇಂಜಿನ್ ನಿಂತಲ್ಲೇ ಸುಮ್ನೆ ಓಡುತ್ತಿದ್ದರೆ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಕುಡಿಯುತ್ತದೆ. ರಾತ್ರಿ ಎಂಟು ಗಂಟೆ ಹಾಗೇ ಬಿಟ್ಟು ಮಲಗಿದರೆ 24 ಲೀಟರ್. ಲೀಟರಿಗೆ 4 ಕಿಲೋಮೀಟರ್ ಕೊಡುವ ಗಾಡಿಯಾದರೆ ಹೆಚ್ಚು ಕಡಿಮೆ 100 ಕಿಲೋಮೀಟರ್ ದಾರಿ ನಿಂತಲ್ಲೇ ಸುಟ್ಟ ಹಾಗೆ. ಸೆಕೆ, ಚಳಿ ಜೋರಾಗಿದ್ದಾಗ ಬೇರೆ ದಾರಿ ಇಲ್ಲ, ನಿದ್ದೆ ಮುಖ್ಯ. ಆದರೆ ಮಾತಾಡುತ್ತಾ ನಿಂತಾಗಲೂ ಇಂಜಿನ್ ಬಿಟ್ಟಿರುವುದು ಅಭ್ಯಾಸ ಅಷ್ಟೇ.

ವೇಗದ್ದೂ ಅದೇ ಕಥೆ. ವೇಗ ಎರಡು ಪಟ್ಟಾದರೆ ಎದುರು ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. 80ರಲ್ಲಿ ಹೋಗುವವನು 90ಕ್ಕೆ ಏರಿಸಿದರೆ ಆ ತಡೆ ಕಾಲು ಭಾಗಕ್ಕಿಂತ ಜಾಸ್ತಿ ಏರುತ್ತದೆ. 400 ಕಿಲೋಮೀಟರಿಗೆ ಉಳಿಯುವುದು ಮಾತ್ರ ಬರೀ ಅರ್ಧ ಗಂಟೆ. ಆ ಅರ್ಧ ಗಂಟೆ ಗೇಟಿನ ಮುಂದೆ ಸಾಲಿನಲ್ಲಿ ಕಳೆದುಹೋಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಟೈರಿನ ವಿಷಯ ನನಗೆ ಕಲಿಸಿದ್ದು ಒಬ್ಬರು ಹಿರಿಯ ಡ್ರೈವರ್. ನಸುಕಿನಲ್ಲಿ ಹೊರಡುವ ಹೊತ್ತು. ನಾನು ಟೈರುಗಳನ್ನು ಕಾಲಿನಿಂದ ಒದ್ದು ನೋಡಿ ಹತ್ತಲು ಹೊರಟಿದ್ದೆ. "ಇಳಿಯಪ್ಪಾ ಕೆಳಗೆ" ಅಂದರು. ಕೈಗೆ ಒಂದು ಕಬ್ಬಿಣದ ರಾಡ್ ಕೊಟ್ಟು, "ಬಡಿ, ಕಿವಿ ಕೊಟ್ಟು ಕೇಳು" ಅಂದರು. ಮುಂದಿನದು ಠಣ್ ಅಂತು, ರಾಡ್ ಕೈಯಲ್ಲೇ ಪುಟಿಯಿತು. ಹಿಂದಿನ ಜೋಡಿಯಲ್ಲಿ ಹೊರಗಿನದೂ ಠಣ್. ಬಗ್ಗಿ ಒಳಗಿನದಕ್ಕೆ ಬಡಿದೆ. ದಪ್ ಅಂತ ಸತ್ತ ಶಬ್ದ. ರಾಡ್ ಪುಟಿಯಲೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ನಿಂತಿದ್ದವು, ಯಾಕೆಂದರೆ ಪಕ್ಕದ ಟೈರ್ ಅದರ ಭಾರವನ್ನೂ ಹೊತ್ತಿತ್ತು. "ಹೀಗೇ ಹೋದರೆ ಮಧ್ಯಾಹ್ನದ ಬಿಸಿಲಿಗೆ ಎರಡೂ ಹೋಗ್ತವೆ ತಮ್ಮಾ" ಅಂದರು ಅಣ್ಣ. ಗಾಳಿ ಕಡಿಮೆ ಇದ್ದ ಟೈರ್ ಓಡುವಾಗ ಜಾಸ್ತಿ ಬಾಗುತ್ತದೆ, ಬಾಗಿ ಬಾಗಿ ಬಿಸಿಯಾಗುತ್ತದೆ, ಬಿಸಿಯಾಗಿಯೇ ಒಡೆಯುತ್ತದೆ. ಜೊತೆಗೆ ಡೀಸೆಲ್ ಬೇರೆ ತಿನ್ನುತ್ತದೆ. ರಾಡಿನ ಶಬ್ದ ಪೂರ್ತಿ ಗಾಳಿ ಹೋದದ್ದನ್ನು ಮಾತ್ರ ಹೇಳುತ್ತದೆ, ಸ್ವಲ್ಪ ಇಳಿದಿದ್ದರೆ ಗಾಳಿ ಅಳೆಯುವ ಗೇಜ್ ಹಾಕಿಯೇ ನೋಡಬೇಕು. ಅದೂ ಗಾಡಿ ಓಡುವ ಮುಂಚೆ, ಟೈರ್ ತಣ್ಣಗಿದ್ದಾಗ. ನಾನು ಕೂಡಿಸಿದ ದುಡ್ಡಿನಲ್ಲಿ ಮೊದಲು ಕೊಂಡ ವಸ್ತು ಒಂದು ಒಳ್ಳೆಯ ಗೇಜ್.

ನಿದ್ದೆ ಕೆಡಿಸಿ ಒಂದು ಟ್ರಿಪ್ ಜಾಸ್ತಿ ಹೊಡೆಯುವುದನ್ನು ಸಂಪಾದನೆ ಅನ್ನಬೇಡಿ. 17 ಗಂಟೆ ಮಲಗದೆ ಇದ್ದವನ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05% ಆಲ್ಕೋಹಾಲ್ ಇರುವವನಷ್ಟೇ ಕೆಟ್ಟಿರುತ್ತದೆ ಅಂತ 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತ್ತು. ಎಷ್ಟೋ ದೇಶಗಳಲ್ಲಿ 0.05% ದಾಟಿದರೆ ಗಾಡಿ ಓಡಿಸುವುದೇ ಅಪರಾಧ. ನಾನು ನಾಲ್ಕು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಅರ್ಧ ಗಂಟೆ ಇಳಿದು ಓಡಾಡುತ್ತೇನೆ. ಯಾರು ಎಷ್ಟು ಫೋನ್ ಮಾಡಿದರೂ ಸರಿ. ಬೆಳಿಗ್ಗೆ ಮನೆಗೆ ಫೋನ್ ಮಾಡಿ ಬಂದು ತಲುಪಿದೆ ಅನ್ನಬೇಕಾದವನು ನಾನು.

ಕೊನೆಯದಾಗಿ ಸ್ವಂತ ಗಾಡಿಯ ಆಸೆ. ಒಂದೆರಡು ವರ್ಷ ಕೂಡಿಸಿದ ಮೇಲೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿದೆ. ಕೂಡಿಸಿದ್ದನ್ನೆಲ್ಲಾ ಮುಂಗಡಕ್ಕೆ ಸುರಿದು ಗಾಡಿ ತಂದ ಇಬ್ಬರು ಗೆಳೆಯರು ಒಂದೇ ವರ್ಷದಲ್ಲಿ ಗಾಡಿ ಕಳೆದುಕೊಂಡರು. ಇಬ್ಬರೂ ಒಳ್ಳೆಯ ಡ್ರೈವರುಗಳೇ. ಒಬ್ಬನಿಗೆ ಇಂಜಿನ್ ಕೆಲಸ ಬಂತು, ಇನ್ನೊಬ್ಬನಿಗೆ ಎರಡು ತಿಂಗಳು ಸರಿಯಾಗಿ ಬಾಡಿಗೆ ಸಿಗಲಿಲ್ಲ. ಕಂತು ಮಾತ್ರ ನಿಲ್ಲಲಿಲ್ಲ. ಅದನ್ನು ನೋಡಿ ನನಗೆ ನಾನೇ ಒಂದು ಲೆಕ್ಕ ಹಾಕಿಕೊಂಡಿದ್ದೇನೆ. ಮುಂಗಡ ಬಿಟ್ಟು, ಆರು ತಿಂಗಳ ಕಂತು, ಒಂದು ವರ್ಷದ ಇನ್ಶೂರೆನ್ಸ್, ಒಂದು ಪೂರ್ತಿ ಸೆಟ್ ಟೈರ್, ಇಷ್ಟು ದುಡ್ಡು ಆ ಎರಡನೇ ಖಾತೆಯಲ್ಲಿ ಇರಬೇಕು. ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಮೊತ್ತ ಬರೆದು ಕೆಳಗೆ ತಿಂಗಳು ತಿಂಗಳು ಕಳೆಯುತ್ತಾ ಬಂದಿದ್ದೇನೆ. ಕಂತು ಮತ್ತು ಇನ್ಶೂರೆನ್ಸ್ ಆಗಿದೆ. ಟೈರ್ ಸೆಟ್ಟಿನಲ್ಲಿ ಇನ್ನೂ ನಾಲ್ಕು ಬಾಕಿ ಇವೆ.