ನಾನು ಕೇಳಿದ ತಪ್ಪು ಪ್ರಶ್ನೆ

ಕಾರವಾರದ ಒಂದು ಬ್ಯಾಂಕ್ ಶಾಖೆಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಾರ್ಡಿನ ದೂರುಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಈ ಹನ್ನೊಂದು ವರ್ಷಗಳಲ್ಲಿ ನನ್ನ ಅವಸರದಿಂದ ಒಬ್ಬ ಗ್ರಾಹಕರಿಗೆ ಆದ ತೊಂದರೆಯೊಂದು ಈಗಲೂ ಮನಸ್ಸಿನಲ್ಲಿ ಉಳಿದಿದೆ. ಅದನ್ನು ಬರೆಯುತ್ತಿದ್ದೇನೆ.

ಚೌತಿ ಮುಗಿದು ಮೂರು ವಾರ ಕಳೆದಿತ್ತು. ಸದಾಶಿವಗಡದ ಕಡೆಯಿಂದ ನಿವೃತ್ತ ಮಾಸ್ತರರೊಬ್ಬರು ಬಂದರು. 2024ರ ಆಗಸ್ಟ್ 7ರ ಬೆಳಗಿನ ಜಾವ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನಗಳಿಗೆ ಹೊಸ ಸೇತುವೆಯೊಂದೇ ಗತಿಯಾಗಿತ್ತು. ಆ ದಟ್ಟಣೆಯಲ್ಲಿ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು, ಬೆವರಿದ್ದರು. ನಾಲ್ಕಾಗಿ ಮಡಚಿದ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟನ್ನು ಮೇಜಿನ ಮೇಲೆ ಹರಡಿದರು. ಒಂದು ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ. ವಿದ್ಯಾರ್ಥಿಗಳ ಪ್ರಬಂಧದ ತಪ್ಪಿಗೆ ಹಾಕುತ್ತಿದ್ದಂಥದೇ ಇರಬೇಕು. 3,146 ರೂಪಾಯಿ. ಎದುರಿಗೆ ಎಂದೂ ಕೇಳದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರು, ಅದರ ಪಕ್ಕದಲ್ಲಿ ಒಂದು ಮಹಾನಗರದ ಹೆಸರು. ಅವರು ಆ ನಗರವನ್ನು ನೋಡಿ ಹದಿನೈದು ವರ್ಷವಾಗಿತ್ತಂತೆ.

ನನ್ನ ಪರದೆಯಲ್ಲಿ ಆ ವ್ಯವಹಾರವನ್ನು ತೆರೆದೆ. ವ್ಯಾಪಾರದ ಬಗೆ ತಿಳಿಸುವ ನಾಲ್ಕಂಕಿಯ ಸಂಕೇತ 7512 ಎಂದಿತ್ತು. ಅದು ಕಾರು ಬಾಡಿಗೆಗೆ ಕೊಡುವ ಸಂಸ್ಥೆಗಳದ್ದು, ಟ್ಯಾಕ್ಸಿಗಳದ್ದು 4121.

"ಸರ್, ಬಾಡಿಗೆ ಕಾರು ಮಾಡಿದ್ದಿರಾ?" ಎಂದು ಕೇಳಿದೆ.

"ಇಲ್ಲವೇ ಇಲ್ಲ. ಈ ವರ್ಷ ಒಂದು ಸಲವೂ ಇಲ್ಲ."

ಮಾಸ್ತರರು ಸುಳ್ಳು ಹೇಳುವವರಲ್ಲ, ಹೇಳಲೂ ಇಲ್ಲ. ನನಗೆ ಅಷ್ಟೇ ಸಾಕಾಯಿತು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಆಗ ನಮಗೆಲ್ಲ ಬಾಯಿಪಾಠವಾಗಿತ್ತು. ಬ್ಯಾಂಕಿನದಾಗಲೀ ಗ್ರಾಹಕರದಾಗಲೀ ತಪ್ಪಿಲ್ಲದೆ ಮೂರನೆಯವರಿಂದ ವಂಚನೆಯಾದರೆ, ಬ್ಯಾಂಕಿನಿಂದ ಮಾಹಿತಿ ತಲುಪಿದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕರಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಖಾತೆಯ ಬಗೆಗೆ ತಕ್ಕಂತೆ 5,000ದಿಂದ 25,000 ರೂಪಾಯಿಗಳವರೆಗೆ ಅವರೇ ಹೊರಬೇಕಾಗಬಹುದಿತ್ತು. ಈ ಗಡಿಯಾರ ತಲೆಯೊಳಗೆ ಟಿಕ್ ಟಿಕ್ ಎನ್ನುತ್ತಿರುವಾಗ ಯೋಚಿಸುವ ವ್ಯವಧಾನ ಎಲ್ಲಿರುತ್ತದೆ? ಕಾರ್ಡನ್ನು ಶಾಶ್ವತವಾಗಿ ರದ್ದು ಮಾಡಿದೆ, ತಕರಾರು ಅರ್ಜಿ ಬರೆಸಿಕೊಂಡೆ, ಹೊಸ ಕಾರ್ಡಿಗೆ ಕೋರಿಕೆ ಹಾಕಿದೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಮಾಸ್ತರರು ಕೈಮುಗಿದು ಹೋದರು. ನನಗೂ ಒಳಗೊಳಗೇ ಹೆಮ್ಮೆಯೆನಿಸಿತ್ತು.

ಅದೇ ಪರದೆಯಲ್ಲಿ ಇನ್ನೊಂದು ಸಾಲಿತ್ತು, ನಾನು ನೋಡಲಿಲ್ಲ. ಕಾರ್ಡಿನ ಚಿಪ್ ಬಳಸಿ, ಪಿನ್ ಒತ್ತಿ ಮಾಡಿದ ವ್ಯವಹಾರ ಎಂದು ಅದು ಹೇಳುತ್ತಿತ್ತು.

ಕೆಲವು ವಾರಗಳ ನಂತರ ಆ ಕಂಪನಿಯಿಂದ ಉತ್ತರ ಬಂತು. ಒಪ್ಪಂದದ ಪ್ರತಿ, ಯಂತ್ರದ ಚೀಟಿ, ಚೀಟಿಯ ಮೇಲೆ ಮಾಸ್ತರರ ದುಂಡು ಅಕ್ಷರದ ಸಹಿ. ಫೋನ್ ಮಾಡಿ ಒಂದೊಂದಾಗಿ ಕೇಳುತ್ತ ಹೋದ ಹಾಗೆ ಕಥೆ ಬಿಚ್ಚಿಕೊಂಡಿತು. ಚೌತಿಗೆಂದು ಮಗಳು, ಅಳಿಯ ಕೊಲ್ಲಿ ದೇಶದಿಂದ ಬಂದಿದ್ದರು. ಇವರು ರೈಲಿನಲ್ಲಿ ಗೋವಾದ ಮಡಗಾಂವಿಗೆ ಹೋಗಿ, ಅಲ್ಲಿಂದ ದಾಬೋಲಿಂ ವಿಮಾನ ನಿಲ್ದಾಣಕ್ಕೆ ಹೋಗಿ ಅವರನ್ನು ಎದುರುಗೊಂಡಿದ್ದರು. ಅಳಿಯ ಸ್ವತಃ ಓಡಿಸಲು ಒಂದು ಕಾರನ್ನು ಮೊದಲೇ ಕಾದಿರಿಸಿ, ಬಾಡಿಗೆಯನ್ನೂ ಕಟ್ಟಿದ್ದ. ಠೇವಣಿಗೆ ಮಾತ್ರ ಅವನ ವಿದೇಶಿ ಕಾರ್ಡನ್ನು ಅಲ್ಲಿನ ಯಂತ್ರ ಒಪ್ಪಲಿಲ್ಲ. ಮಾವ ತಮ್ಮದನ್ನು ಕೊಟ್ಟರು. ಕೌಂಟರಿನ ಹುಡುಗ "5,000 ಠೇವಣಿ, ವಾಪಸ್ ಬರುತ್ತದೆ" ಎಂದ. ಇವರು ಪಿನ್ ಒತ್ತಿದರು, ಸಹಿ ಹಾಕಿದರು, ಮರೆತರು.

"ಸರ್, ಅದು ಬಾಡಿಗೆ ಕಾರೇ ಅಲ್ಲವೇ?"

"ಅದು ಹೇಗೆ ಬಾಡಿಗೆ ಕಾರಾಗುತ್ತದೆ? ಅಳಿಯನೇ ಓಡಿಸಿಕೊಂಡು ಬಂದದ್ದು!"

ನಮ್ಮ ಕಡೆ ಬಾಡಿಗೆ ಕಾರು ಎಂದರೆ ಹಳದಿ ಫಲಕದ, ಚಾಲಕನಿರುವ, ಕಿಲೋಮೀಟರಿಗೆ ಇಷ್ಟು ಎಂದು ಮಾತಾಡಿಕೊಳ್ಳುವ ಕಾರು. ಇವರ ಅಂಗಳದಲ್ಲಿ ಎಂಟು ದಿನ ನಿಂತಿದ್ದದ್ದು ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿದ್ದ ಕಾರು. ಆ ಬಣ್ಣವೇ ನಾವೇ ಓಡಿಸುವ ಬಾಡಿಗೆ ವಾಹನದ ಗುರುತು. ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನೂರಕ್ಕೆ ನೂರು ಸರಿಯಾಗಿತ್ತು. ಪ್ರಶ್ನೆಯೇ ತಪ್ಪು.

ಮೊತ್ತವೂ ಅವರನ್ನು ದಾರಿ ತಪ್ಪಿಸಿತ್ತು. ಅವರಿಗೆ ನೆನಪಿದ್ದದ್ದು 5,000, ಕಾಗದದ ಮೇಲೆ ಇದ್ದದ್ದು 3,146. ಠೇವಣಿಯೆಂದು ಹಿಡಿದಿಟ್ಟ ಹಣ ಕಾರ್ಡಿನ ಮಿತಿಯಲ್ಲಿ ಕಟ್ಟಿಹಾಕಿದ ಹಣವಷ್ಟೇ, ಆಗ ಅದು ಖರ್ಚಲ್ಲ. ಮೊಬೈಲಿಗೆ ಸಂದೇಶ ಬರುತ್ತದೆ, ಸ್ಟೇಟ್‌ಮೆಂಟಿನಲ್ಲಿ ಕಾಣುವುದಿಲ್ಲ. ಕಾರು ಮರಳಿಸಿದ ಮೇಲೆ ಕಂಪನಿ ಲೆಕ್ಕ ಹಾಕಿ, ತನಗೆ ಬರಬೇಕಾದಷ್ಟನ್ನು ಮುರಿದುಕೊಂಡು ಉಳಿದದ್ದನ್ನು ಬಿಟ್ಟುಕೊಡುತ್ತದೆ. ಮುರಿದುಕೊಂಡದ್ದು ಮಾತ್ರ ದಿನಗಳ ನಂತರ ಬೇರೊಂದು ತಾರೀಖಿನಲ್ಲಿ ಅಚ್ಚಾಗುತ್ತದೆ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿನದು, ಟ್ಯಾಂಕ್ ತುಂಬಿಸದೆ ಹಿಂದಿರುಗಿಸಿದ್ದರು. ತಡವಾಗಿ ತಲುಪಿಸಿದ್ದಕ್ಕೆ ಒಂದಿಷ್ಟು. ಉಳಿದದ್ದು ಟೋಲ್. ಇಡಗುಂಜಿ ಗಣಪತಿಯ ದರ್ಶನಕ್ಕೆ ಹೋಗಿ ಬರುವಾಗ ಅಂಕೋಲೆಯ ಹಟ್ಟಿಕೇರಿಯಲ್ಲಿ, ಕುಮಟೆಯ ಹೊಳೆಗದ್ದೆಯಲ್ಲಿ ಗಾಜಿಗೆ ಅಂಟಿಸಿದ್ದ ಫಾಸ್ಟ್ಯಾಗ್ ತನ್ನ ಪಾಡಿಗೆ ಹಣ ಕೊಟ್ಟಿತ್ತು. ಕೊಟ್ಟದ್ದು ಕಂಪನಿಯ ಖಾತೆಯಿಂದ, ವಸೂಲಿ ಮಾವನಿಂದ. ಹೆಸರಿನ ಒಗಟು ಎಲ್ಲಕ್ಕಿಂತ ಸುಲಭ. ಕೌಂಟರಿನ ಫಲಕದಲ್ಲಿದ್ದದ್ದು ವ್ಯಾಪಾರದ ಹೆಸರು, ಸ್ಟೇಟ್‌ಮೆಂಟಿಗೆ ಬಂದದ್ದು ನೋಂದಾಯಿತ ಕಂಪನಿಯ ಹೆಸರು ಮತ್ತು ಅದರ ಮುಖ್ಯ ಕಚೇರಿಯ ಊರು.

3,146 ರೂಪಾಯಿಗಾಗಿ ನನಗೆ ಬೇಸರವಿಲ್ಲ, ಅದು ಕೊಡಲೇಬೇಕಾದ ಹಣ. ನಾನು ಕಾರ್ಡ್ ರದ್ದು ಮಾಡಿದ ಐದನೆಯ ದಿನ ಅವರ ಪತ್ನಿಯನ್ನು ಮಣಿಪಾಲಕ್ಕೆ ಕರೆದೊಯ್ಯಬೇಕಾಯಿತು. ಕಾಯಿಲೆ ಕೊಂಚ ದೊಡ್ಡದಾದರೆ ಕಾರವಾರದವರಿಗೆ ಮಣಿಪಾಲವೇ ದಾರಿ. ಹೊಸ ಕಾರ್ಡ್ ಇನ್ನೂ ಅಂಚೆಯಲ್ಲಿತ್ತು. ಮುಂಗಡ ಕಟ್ಟಲು ಅಣ್ಣನ ಮಗನಿಂದ ಸಾಲ ಪಡೆದರಂತೆ. ಇದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ, ಮಾತಿನ ನಡುವೆ ಬಂದು ಹೋಯಿತು. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಈಗ ಇಂಥ ಸಾಲು ಮುಂದೆ ಬಂದರೆ ಮೊದಲು ಕಾರ್ಡನ್ನು ತಾತ್ಕಾಲಿಕವಾಗಿ ಬಂದ್ ಮಾಡಿಸುತ್ತೇನೆ. 2020ರ ರಿಸರ್ವ್ ಬ್ಯಾಂಕ್ ಆದೇಶದ ಬಳಿಕ ಗ್ರಾಹಕರೇ ಮೊಬೈಲಿನಲ್ಲಿ ಕಾರ್ಡನ್ನು ಬಂದ್ ಮಾಡಿ ಮತ್ತೆ ತೆರೆಯಬಹುದು. ಆಮೇಲೆ ಪಿನ್ ಒತ್ತಿದ್ದೋ ಅಲ್ಲವೋ ನೋಡುತ್ತೇನೆ. ವಿದೇಶಿ ಹಣದ ವ್ಯವಹಾರ, ಪಿನ್ ಇಲ್ಲ, ಒಟಿಪಿಯೂ ಇಲ್ಲ ಎಂದಾದರೆ ಎರಡನೇ ಮಾತಿಲ್ಲದೆ ರದ್ದು, ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಪಿನ್ ಒತ್ತಿದ್ದಾದರೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೇಳುತ್ತೇನೆ: ಆ ತಿಂಗಳು ಮನೆಗೆ ಯಾರು ಬಂದಿದ್ದರು? ನೀವು ಎಲ್ಲಿಗೆ ಹೋಗಿದ್ದಿರಿ? ಯಾರಿಗಾಗಿ ಕಾರ್ಡ್ ಹೊರತೆಗೆದಿರಿ? ಕಾರಿನ ಮಾತು ಕೊನೆಗೆ.

ಮಾಸ್ತರರು ಕಳೆದ ತಿಂಗಳು ಮತ್ತೆ ಬಂದಿದ್ದರು. ಮತ್ತೊಂದು ಕೆಂಪು ಗೆರೆ, ಯಾವುದೋ ಎಂಟರ್‌ಪ್ರೈಸಸ್, 640 ರೂಪಾಯಿ, ಪಿನ್ ಒತ್ತಿದ್ದು. ತಾರೀಖು ತೋರಿಸಿ, ಅಂದು ಮಧ್ಯಾಹ್ನ ಎಲ್ಲಿದ್ದಿರಿ ಎಂದೆ. ಕನ್ನಡಕ ಏರಿಸಿ ಗೋಡೆಯ ಕ್ಯಾಲೆಂಡರ್ ನೋಡಿದರು. ಸೋಮವಾರ. ಮೆಲ್ಲಗೆ ಕಾಗದ ಮಡಚತೊಡಗಿದರು. ಹಳೆಯ ಸಹೋದ್ಯೋಗಿಗಳ ಜೊತೆ ಮೀನೂಟದ ಹೋಟೆಲ್ ಹೊಕ್ಕಿದ್ದರಂತೆ. ಸೋಮವಾರ ಅವರ ಮನೆಯಲ್ಲಿ ಮೀನು ಮುಟ್ಟುವುದಿಲ್ಲ.

"ಇದು ನನ್ನದೇ" ಎಂದರು. "ಸ್ಟೇಟ್‌ಮೆಂಟ್ ಮನೆಗೆ ಅಂಚೆಯಲ್ಲಿ ಬರುವುದನ್ನು ನಿಲ್ಲಿಸಲು ಏನಾದರೂ ಅರ್ಜಿ ಇದೆಯೇ?"