ಕಡಿಮೆ ಓಡಿದ ಗಾಡಿ

ಹಿಂದಿನ ಬೀದಿಯ ಅಜ್ಜಿಯೊಬ್ಬರು ತೀರಿಹೋದ ಗಂಡನ ಟ್ರಕ್ ಮಾರಿದರು. ಕೊಂಡವನು ನಾನು. ಅಮೆರಿಕದಲ್ಲಿ ಟ್ರಕ್ ಅಂದರೆ ಲಾರಿಯಲ್ಲ, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್. 1999ರದ್ದು. ಓಡಿದ್ದು ಬರೀ 38,000 ಮೈಲಿ. ಇಲ್ಲಿ ಜನ ವರ್ಷಕ್ಕೇ 12-13 ಸಾವಿರ ಮೈಲಿ ಓಡಿಸುತ್ತಾರೆ. 26 ವರ್ಷಕ್ಕೆ ಇಷ್ಟೇನಾ ಅಂತ ಖುಷಿಯಾಗಿಬಿಟ್ಟಿತ್ತು.

ಮಗಳಿಗೆ ಮೀಟರ್ ತೋರಿಸಿದೆ. ಅವಳು ಈಗಷ್ಟೇ ದೊಡ್ಡ ಭಾಗಾಕಾರ ಕಲಿತಿದ್ದಾಳೆ. ಹಳೇ ರಸೀದಿಯ ಹಿಂದೆ ಲೆಕ್ಕ ಹಾಕಿದಳು. ದಿನಕ್ಕೆ ನಾಲ್ಕು ಮೈಲಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಪಾಪ, ಆ ತಾತನಿಗೆ ಹೋಗೋಕೆ ಎಲ್ಲೂ ಇರ್ಲಿಲ್ವಾ ಅಪ್ಪಾ?"

ಆ ಮಾತು ಆಮೇಲೆ ನನ್ನನ್ನು ಬಿಡಲೇ ಇಲ್ಲ.

ಪಕ್ಕದ ಮನೆಯವರು ಮೊದಲು ಮೆಕ್ಯಾನಿಕ್ ಆಗಿದ್ದವರು. ಅವರು ಮೀಟರ್ ಕಡೆ ನೋಡಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕದ ಅಂಕಿ ಓದಿದರು: 2308. ಅಂದರೆ 2008ರ 23ನೇ ವಾರ ತಯಾರಾದ ಟೈರು. ನೆಲಕ್ಕೆ ತಾಗುವ ಕಡೆಯ ಬಟನ್ ಹೊಸದರ ಹಾಗೇ ಇತ್ತು. ಆದರೆ ಪಕ್ಕದ ರಬ್ಬರಿನ ತುಂಬಾ ಕೂದಲೆಳೆಯಂಥ ಬಿರುಕು. ಸವೆದಿಲ್ಲ, ಆದರೆ ಮುದಿಯಾಗಿದೆ ಅಂದರು. ನಾಲ್ಕೂ ಬದಲಾಯಿಸಿದೆ.

ಮುಂದಿನ ಮೂರು ಶನಿವಾರ ಅದರಲ್ಲೇ ಹೋದವು. ಟ್ಯಾಂಕಿನಲ್ಲಿದ್ದ ಹಳೇ ಪೆಟ್ರೋಲ್ ವಾರ್ನಿಶ್ ವಾಸನೆ ಹೊಡೆಯುತ್ತಿತ್ತು, ಪೂರ್ತಿ ಖಾಲಿ ಮಾಡಿದೆವು. ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಗಾಡಿ ಓಡಲಿ ಬಿಡಲಿ, ಅದು ವರ್ಷಾನುಗಟ್ಟಲೆ ಗಾಳಿಯ ತೇವ ಹೀರಿಕೊಳ್ಳುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಆವಿಯಾದರೆ ಪೆಡಲ್ ಮೆತ್ತಗೆ ಕೆಳಗಿಳಿದುಬಿಡುತ್ತದೆ. ಕೂಲೆಂಟ್, ಹೋಸ್, ಬೆಲ್ಟ್ ಎಲ್ಲ ಹೊಸದು ಹಾಕಿದ್ದಾಯಿತು. ಇಂಜಿನ್ ಆಯಿಲ್ ಕೂಡ. ದಿನಕ್ಕೆ ನಾಲ್ಕು ಮೈಲಿ ಓಡಿದರೆ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಒಳಗೆ ಸೇರಿದ ತೇವ ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಉಳಿಯುತ್ತದೆ. ಜಾಸ್ತಿ ಓಡಿದ ಗಾಡಿಗಿಂತ ಚೂರು ಚೂರು ಓಡಿದ ಗಾಡಿಗೆ ಆಯಿಲ್ ಬೇಗ ಬದಲಾಯಿಸಬೇಕು ಅಂತ ಕೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಗಾಡಿಯ ಪುಸ್ತಕ ತೆಗೆದು ನೋಡಿದೆ. ಪ್ರತಿ ಸರ್ವೀಸಿಗೂ ಮೈಲಿಯ ಪಕ್ಕದಲ್ಲೇ ತಿಂಗಳೂ ಇತ್ತು. ಯಾವುದು ಮೊದಲೋ ಅದು. ನಾನು ಇಷ್ಟು ದಿನ ಮೈಲಿಯನ್ನಷ್ಟೇ ಓದಿದ್ದೆ.

ಟ್ರಕ್ಕಿನ ಕೆಳಗೆ ಮಲಗಿದ್ದಾಗಲೇ ಅಪ್ಪನ ಕಾರು ನೆನಪಾಯಿತು. 2015ರಲ್ಲಿ, ಇಲ್ಲಿಗೆ ಹೊರಡುವ ಮುಂಚೆ ನಾನೇ ಕೊಡಿಸಿದ್ದು. ಇವತ್ತಿಗೂ 9,000 ಕಿಲೋಮೀಟರ್ ದಾಟಿಲ್ಲ. ಮೈತುಂಬಾ ಹೊದಿಕೆ. ಸೀಟಿನ ಪ್ಲಾಸ್ಟಿಕ್ ಸಹ ತೆಗೆದಿಲ್ಲ. "ಹೊಸದರ ಹಾಗೇ ಇದೆ ನೋಡು, ನೀನು ಬಂದಾಗ ಬೇಕಲ್ವಾ" ಅಂತಾರೆ ಪ್ರತಿ ಸಲ. ಅವರು ಆಟೋದಲ್ಲಿ ಆಸ್ಪತ್ರೆಗೆ ಹೋಗಿಬರುತ್ತಾರೆ.

ನಾನು ಹಾಸ್ಟೆಲಿಗೆ ಸೇರಿದಾಗ ನನ್ನ ಸೈಕಲ್ಲನ್ನೂ ಹೀಗೇ ಕಾದಿಟ್ಟಿದ್ದರು. ಚೈನಿಗೆ ಎಣ್ಣೆ ಬಿಟ್ಟು, ರಿಮ್ ಒರೆಸಿ, ಗೋಣಿಚೀಲ ಮುಚ್ಚಿ. ರಜೆಗೆ ಬಂದವನು ಹತ್ತಿದರೆ ಟ್ಯೂಬ್ ಎರಡೂ ಬಿರಿದಿದ್ದವು. ಅಪ್ಪನ ಮುಖ ಅವತ್ತು ಸಣ್ಣದಾಗಿತ್ತು. ಒಳ್ಳೆಯದನ್ನು ಬಳಸದೆ ಎತ್ತಿಡುವ ಈ ಅಭ್ಯಾಸ ನಮ್ಮ ಕಡೆ ಎಷ್ಟು ಮನೆಗಳಲ್ಲಿದೆ! ಬರುವವರಿಗಾಗಿ ಎತ್ತಿಡುತ್ತೇವೆ. ನಾನೋ ಎರಡು ವರ್ಷಕ್ಕೊಮ್ಮೆ ಮೂರು ವಾರ ಬರುವವನು.

ಕಳೆದ ಭಾನುವಾರ ಫೋನ್ ಮಾಡಿ ಟೈರಿನ ಅಂಕಿ ಓದಲು ಹೇಳಿದೆ. ಟಾರ್ಚ್ ಹಿಡಿದು ಹೊದಿಕೆ ಎತ್ತಿದ್ದು ಕೇಳಿಸಿತು. "ಮೂರು, ಒಂದು, ಒಂದು, ಐದು" ಅಂದರು. ಹತ್ತು ವರ್ಷದ ಟೈರು. ನಿಧಾನವಾಗಿ ಎಲ್ಲ ವಿವರಿಸಿದೆ. ಟೈರ್ ಹಾಕಿಸಿ, ಬ್ರೇಕ್ ಆಯಿಲ್ ಬದಲಾಯಿಸಿ. ಆಮೇಲೆ ವಾರಕ್ಕೊಂದು ಸಲವಾದರೂ ಅರ್ಧ ಗಂಟೆ ಓಡಿಸಿ, ಅಮ್ಮನನ್ನೂ ಕರೆದುಕೊಂಡು ಹೋಗಿ ಅಂದೆ.

ಅಪ್ಪ ಎಲ್ಲಾ ಕೇಳಿಸಿಕೊಂಡರು. ಹೊದಿಕೆ ಮತ್ತೆ ಎಳೆದ ಸದ್ದಾಯಿತು.

"ಆಗ್ಲಪ್ಪ, ಓಡಿಸ್ತೀನಿ. ಆದ್ರೆ ಎಲ್ಲಿಗೆ ಹೋಗ್ಲಿ ಹೇಳು?"